ಹಾಲ್ಬರ್ಡ್: ಉದ್ದ ಕೋಲಿಗೆ ಸಿಕ್ಕಿಸಿದ್ದೆಲ್ಲಾ ಅದಲ್ಲ

ಐರ್ಲೆಂಡಿನ ಕಂಚಿನ ಯುಗದ ಅಲಗಿನ ಫೋಟೋ ಹಾಕಿ ಕೆಳಗೆ "ಪೋಪ್ ಕಾಯೋ ಸ್ವಿಸ್ ಗಾರ್ಡ್‌ಗಳ ಆಯುಧದ ಮುತ್ತಜ್ಜ" ಅಂತ ಬರೆಯೋದು ಈಗ ಮಾಮೂಲಿ ಆಗ್ಬಿಟ್ಟಿದೆ. ಮುತ್ತಜ್ಜನೂ ಅಲ್ಲ, ದೂರದ ನೆಂಟನೂ ಅಲ್ಲ. ಎರಡಕ್ಕೂ ಹಾಲ್ಬರ್ಡ್ ಅನ್ನೋ ಹೆಸರು ಒಂದೇ, ಅಷ್ಟೇ.

ಅಸಲಿ ಹಾಲ್ಬರ್ಡ್‌ನಲ್ಲಿ ಮೂರು ಕೆಲಸ ಇರುತ್ತೆ. ಕಡಿಯೋಕೆ ಕೊಡಲಿ, ತಿವಿಯೋಕೆ ತುದಿಯಲ್ಲಿ ಮೊನೆ, ಕುದುರೆ ಮೇಲಿರೋನನ್ನ ಎಳೆದು ಕೆಡವೋಕೆ ಹಿಂದುಗಡೆ ಕೊಕ್ಕೆ. ಕೋಲು ಆಳೆತ್ತರ ಅಥವಾ ಸ್ವಲ್ಪ ಜಾಸ್ತಿ. ಐದು ಮೀಟರ್ ಉದ್ದದ್ದು ಅಂದ್ರೆ ಅದು ಪೈಕ್, ಬರೀ ಮೊನೆಯಿರೋ ಉದ್ದ ಈಟಿ, ಬೇರೆ ಆಯುಧ. ಕೋಲಿನ ತುದಿಗೆ ಬಾಗಿದ ಅಲಗಿರೋ ಜಪಾನಿನ ನಗಿನಾತಾಗೂ ಇದೇ ಹೆಸರು ಅಂಟಿಸ್ತಾರೆ, ಅದರಲ್ಲಿ ಕೊಡಲಿ ಎಲ್ಲಿದೆ ತೋರಿಸಿ ನೋಡೋಣ.

ಪದ ಹಳೇ ಜರ್ಮನ್‌ದು, ಹೆಲ್ಮ್‌ಬಾರ್ಟೆ ಅಥವಾ ಹಾಲ್ಮ್‌ಬಾರ್ಟೆ. ಬಾರ್ಟೆ ಅಂದ್ರೆ ಅಗಲ ಬಾಯಿನ ಕೊಡಲಿ, ಗಡ್ಡಕ್ಕೆ ಹೇಳೋ ಬಾರ್ಟ್ ಇದಕ್ಕೆ ಸಂಬಂಧಿ, ಯಾಕಂದ್ರೆ ಅಲಗು ಹಿಡಿಯಿಂದ ಗಡ್ಡದ ಥರಾನೇ ಇಳಿಬಿದ್ದಿರುತ್ತೆ. ಗಲಾಟೆ ಇರೋದು ಮೊದಲರ್ಧದಲ್ಲಿ. ಹೆಲ್ಮ್ ಅಂದ್ರೆ ಶಿರಸ್ತ್ರಾಣವೂ ಹೌದು, ಹಿಡಿ ಅಥವಾ ಕಾವು ಅನ್ನೋ ಅರ್ಥವೂ ಇತ್ತು. ಹಂಗಾಗಿ "ಶಿರಸ್ತ್ರಾಣ ಸೀಳೋ ಕೊಡಲಿ" ಅಂತ ರೋಮಾಂಚನದ ಅರ್ಥ ಹೇಳೋರು ಬೇಕಾದಷ್ಟು ಜನ ಇದಾರೆ. ಆದ್ರೆ ಹೆಚ್ಚಿನ ವಿದ್ವಾಂಸರು ಒಪ್ಪೋದು ಸಪ್ಪೆ ಅರ್ಥಾನೇ, ಉದ್ದ ಕಾವಿನ ಕೊಡಲಿ. ನಂಗೂ ಅದೇ ಸರಿ ಅನ್ಸುತ್ತೆ, ಉಪಕರಣಗಳಿಗೆ ಹೆಸರಿಡೋರು ಕವಿಗಳಲ್ಲ. ಅಲ್ಲಿಂದ ಫ್ರೆಂಚ್‌ಗೆ ಹೋಗಿ ಅಲಬಾರ್ಡ್ ಆಯ್ತು, ಫ್ರೆಂಚರು ಜಡಿಮಳೆಗೆ ಇವತ್ತಿಗೂ "ಅಲಬಾರ್ಡ್ ಸುರೀತಿದೆ" ಅಂತಾರೆ.

ಇದು ಹೆಸರು ಮಾಡಿದ್ದು ಸ್ವಿಸ್ಸರ ಕೈಯಲ್ಲಿ. 1315ರಲ್ಲಿ ಮೋರ್ಗಾರ್ಟನ್‌ನಲ್ಲಿ ಹ್ಯಾಬ್ಸ್‌ಬರ್ಗ್ ಸರದಾರರನ್ನ ಕ್ಷೌರದ ಕತ್ತಿಯಲ್ಲಿ ಕೊಯ್ದಂಗೆ ತುಂಡು ಮಾಡಿದ್ರು ಅಂತ ವಿಂಟರ್‌ಥೂರ್‌ನ ಜಾನ್ ಅನ್ನೋ ಸನ್ಯಾಸಿ ಬರೆದಿದಾನೆ. 1422ರಲ್ಲಿ ಆರ್ಬೆಡೋ ಕದನದಲ್ಲಿ ಪೆಟ್ಟು ತಿಂದ ಮೇಲೆ ಅವರೇ ಪೈಕ್ ಜಾಸ್ತಿ ಮಾಡ್ಕೊಂಡ್ರು.

ಇನ್ನು ಕಂಚಿನ ಯುಗದ್ದು. ಅದು ಕಠಾರಿಯಂಥ ಅಲಗು, ಕೋಲಿಗೆ ಅಡ್ಡಲಾಗಿ, ಗುದ್ದಲಿ ಕೂರಿಸ್ದಂಗೆ ರಿವೆಟ್ ಹೊಡೆದು ಕೂರಿಸಿದ್ದು. ಕೊಡಲಿಯೂ ಇಲ್ಲ, ಕೋಲಿನ ತುದಿಗೆ ಮೊನೆಯೂ ಇಲ್ಲ, ಕೊಕ್ಕೆಯೂ ಇಲ್ಲ. ಹೆಸರು ಕೊಟ್ಟಿದ್ದು ಬಹಳ ಕಾಲ ಆದ್ಮೇಲೆ ಬಂದ ಸಂಶೋಧಕರು, ಅದನ್ನ ಹಿಡಿದೋರು ಏನಂತಿದ್ರೋ ಯಾರಿಗೆ ಗೊತ್ತು. ಎರಡರ ಮಧ್ಯೆ ಮೂರು ಸಾವಿರ ವರ್ಷದ ಗ್ಯಾಪ್ ಇದೆ ಮಾರಾಯ್ರೇ! ಐರ್ಲೆಂಡಿನ ಮೇಯೋ ಕೌಂಟಿಯ ಕಾರ್ನ್‌ನಲ್ಲಿ ಜೌಗಿನೊಳಗೆ ಓಕ್ ಹಿಡಿ ಸಮೇತ ಒಂದು ಸಿಕ್ಕಿದೆ, ಅಲಗಿನ ನಡುಗೆರೆ ದಪ್ಪಗಿರುತ್ತೆ, ರಿವೆಟ್‌ಗಳೂ ಅಷ್ಟೇ ದಪ್ಪ. ಇಷ್ಟಿದ್ರೂ "ಬರೀ ಮೆರವಣಿಗೆ ಸಾಮಾನು" ಅಂತ ತುಂಬಾ ಕಾಲ ತಳ್ಳಿಹಾಕಿದ್ರು. ರೋನನ್ ಓಫ್ಲಾಹರ್ಟಿ ಅನ್ನೋ ಪುರಾತತ್ವ ಸಂಶೋಧಕರು ಪ್ರತಿಕೃತಿ ಮಾಡಿಸಿ ಕುರಿ ತಲೆಬುರುಡೆಗಳ ಮೇಲೆ ಬೀಸಿ ನೋಡಿದ್ರು, ಸಲೀಸಾಗಿ ತೂರ್ಕೊಂಡು ಹೋಯ್ತು. ಅಂದ್ರೆ ಕೊಲ್ಲೋಕೆ ಆಗ್ತಿತ್ತು. ಹಂಗಂತ ಇಟಲಿಯ ವಾಲ್ ಕಮೋನಿಕಾದಲ್ಲಿ ಬಂಡೆ ಮೇಲೆ ಕೆತ್ತಿರೋದು ನೋಡಿದ್ರೆ ಪ್ರತಿಷ್ಠೆಯ ಗುರುತೂ ಆಗಿತ್ತು ಅನ್ಸುತ್ತೆ. ಎರಡೂ ಆಗಿರಬಾರದು ಅಂತ ಯಾರು ಹೇಳಿದ್ರು?

ಇನ್ನೊಂದು ತಪ್ಪು ಮಾತು, ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್‌ನ ಕೊಂದಿದ್ದು ಹಾಲ್ಬರ್ಡ್ ಅಂತ ಪ್ರೂವ್ ಆಗಿದೆ ಅನ್ನೋದು. 2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕ್ ಕೆಳಗೆ ಸಿಕ್ಕ ಅವನ ಅಸ್ಥಿಪಂಜರದಲ್ಲಿ ತಲೆಬುರುಡೆ ಒಂದರಲ್ಲೇ ಒಂಬತ್ತು ಗಾಯ, ಅದರಲ್ಲಿ ಬುಡದ ಎರಡು ಪ್ರಾಣ ತೆಗೆಯೋಂಥವು. ಕತ್ತಿ ಇರಬಹುದು, ಇಲ್ಲಾ ಹಾಲ್ಬರ್ಡ್ ಅಥವಾ ಕೊಕ್ಕೆ ಅಲಗಿನ ಬಿಲ್‌ನಂಥ ಕೋಲಾಯುಧ ಇರಬಹುದು ಅಂತ ವರದಿ ಹೇಳುತ್ತೆ. ಇಂಗ್ಲಿಷರ ಕೈಲಿ ಜಾಸ್ತಿ ಇದ್ದದ್ದು ಬಿಲ್ ಬೇರೆ.

ಯುದ್ಧದಲ್ಲಿ ಬಳಕೆ ನಿಂತ್ಮೇಲೆ ಹಾಲ್ಬರ್ಡ್ ಅಧಿಕಾರದ ಗುರುತಾಗಿ ಉಳೀತು. ಬ್ರಿಟಿಷ್ ಸೈನ್ಯದಲ್ಲಿ 1792ರ ತನಕ ಸಾರ್ಜೆಂಟ್ ಅಂದ್ರೆ ಹಾಲ್ಬರ್ಡ್ ಹಿಡಿದೋನು, ಚಾಟಿಯೇಟಿನ ಶಿಕ್ಷೆ ಆದ ಸಿಪಾಯಿಯನ್ನ ಕಟ್ಟಿಹಾಕ್ತಿದ್ದಿದ್ದೂ ಹಾಲ್ಬರ್ಡ್‌ಗಳನ್ನ ಜೋಡಿಸಿ ನಿಲ್ಲಿಸಿದ ಚೌಕಟ್ಟಿಗೇ. 1506ರಲ್ಲಿ ಶುರುವಾದ ಸ್ವಿಸ್ ಗಾರ್ಡ್ ಈಗ್ಲೂ ಹಿಡೀತಾರೆ. ಲಂಡನ್ ಟವರ್‌ನ ಬೀಫ್‌ಈಟರ್‌ಗಳ ಕೈಲಿರೋದು ಮಾತ್ರ ಪಾರ್ಟಿಸನ್, ಅಗಲ ಈಟಿ, ಅದಕ್ಕೆ ಕೊಡಲಿ ಬಾಯೇ ಇಲ್ಲ.