ಟ್ರೇಸ್ ಫೈಲ್ ಫಾರ್ಮ್ಯಾಟ್ ಮಾಡಿ ಓದುವುದು: ಟಿಪ್ಪಣಿ

ನೆಟ್‌ವರ್ಕ್ ಟ್ರೇಸ್ ಫೈಲನ್ನು, ಅಂದರೆ ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು (ಡೇಟಾ ತುಂಡುಗಳನ್ನು) ಹಿಡಿದಿಟ್ಟ ಫೈಲನ್ನು, ಪಠ್ಯ ತೋರಿಸುವ ಕ್ಯಾಟ್ ಕಮಾಂಡ್‌ನಿಂದ ತೆರೆದರೆ ಪರದೆ ತುಂಬ ಅರ್ಥವಾಗದ ಚಿಹ್ನೆಗಳು ಬರುತ್ತವೆ. ಫೈಲ್ ಕೆಟ್ಟಿಲ್ಲ. ಟ್ರೇಸ್ ನಡೆಯುವಾಗ ವೇಗ ಮುಖ್ಯ, ಅದಕ್ಕೇ ಪ್ಯಾಕೆಟ್‌ಗಳನ್ನು ಮನುಷ್ಯರು ನೇರವಾಗಿ ಓದಲಾಗದ ಬೈನರಿಯಲ್ಲೇ ಬರೆದಿಡುತ್ತಾರೆ. ಹಿಡಿಯುವುದು ಒಂದೇ ಸಲ, ಫಾರ್ಮ್ಯಾಟ್ ಮಾಡುವುದು (ಓದಬಲ್ಲ ಪಠ್ಯವಾಗಿ ಬದಲಿಸುವುದು) ಎಷ್ಟು ಸಲ ಬೇಕಾದರೂ. ಆದ್ದರಿಂದ ಪಠ್ಯ ಕೈಗೆ ಬಂತು ಅಂತ ಮೂಲ ಫೈಲನ್ನು ಅಳಿಸಬೇಡಿ. ನಾಳೆ ಬೇರೆ ಪ್ರಶ್ನೆ ಬಂದರೆ ಅದೇ ಬೇಕು.

ಐಬಿಎಂನ ಯುನಿಕ್ಸ್ ಆದ ಎಐಎಕ್ಸ್‌ನಲ್ಲಿ ಇದಕ್ಕೆ ಎರಡು ಕಮಾಂಡ್ ಇವೆ. ಐಪಿಟ್ರೇಸ್ ಹಿಡಿಯುತ್ತದೆ, ಐಪಿರಿಪೋರ್ಟ್ ಫಾರ್ಮ್ಯಾಟ್ ಮಾಡುತ್ತದೆ. ಐಪಿರಿಪೋರ್ಟ್‌ಗೆ ಆರ್, ಎನ್, ಎಸ್ ಆಯ್ಕೆಗಳನ್ನು ಒಟ್ಟಿಗೆ ಕೊಡುವುದು ರೂಢಿ. ಆರ್ ಕೊಟ್ಟರೆ ಆರ್‌ಪಿಸಿ (ಬೇರೆ ಯಂತ್ರದ ಪ್ರೋಗ್ರಾಂ ಕರೆಯುವ ವಿಧಾನ) ಪ್ಯಾಕೆಟ್‌ಗಳನ್ನು ಬಿಡಿಸಿ ತೋರಿಸುತ್ತದೆ. ಎನ್ ಕೊಟ್ಟರೆ ಪ್ಯಾಕೆಟ್‌ಗೆ ಸಂಖ್ಯೆ ಬರುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು ಎಸ್. ಅದು ಪ್ರತಿ ಸಾಲಿನ ಮುಂದೆ ಪ್ರೋಟೊಕಾಲ್ ಹೆಸರು ಹಾಕುತ್ತದೆ, ಹಾಗಾಗಿ ಸಾಲು ಹುಡುಕುವ ಗ್ರೆಪ್ ಕಮಾಂಡ್‌ನಲ್ಲಿ, ಉದಾಹರಣೆಗೆ, ಟಿಸಿಪಿ ಪ್ರೋಟೊಕಾಲ್‌ನ ಸಾಲುಗಳನ್ನು ಮಾತ್ರ ಎತ್ತಿಕೊಳ್ಳಬಹುದು.

ಟಿಸಿಪಿಡಂಪ್ ಅನ್ನುವ ಇನ್ನೊಂದು ಕಮಾಂಡ್ ಒಂದೇ ಹಿಡಿಯುವ, ಫಾರ್ಮ್ಯಾಟ್ ಮಾಡುವ ಎರಡೂ ಕೆಲಸ ಮಾಡುತ್ತದೆ. ಡಬ್ಲ್ಯೂ ಆಯ್ಕೆ ಫೈಲಿಗೆ ಬರೆಯುತ್ತದೆ, ಆರ್ ಆಯ್ಕೆ ಅದನ್ನು ಓದುತ್ತದೆ. ಓದುವಾಗ ಎನ್ ಆಯ್ಕೆ ಬಿಡಬೇಡಿ. ಇಲ್ಲದಿದ್ದರೆ ಪ್ರತಿ ಐಪಿ ವಿಳಾಸಕ್ಕೂ ಹೆಸರು ಹುಡುಕುತ್ತಾ ಕೂರುತ್ತದೆ. ಹೆಸರು ಹುಡುಕಿಕೊಡುವ ಡಿಎನ್‌ಎಸ್ಸೇ ಕೆಟ್ಟಿರುವ ದಿನ ಅದು ದೊಡ್ಡ ಕಾಟ. ಟಿ ಅಕ್ಷರವನ್ನು 3 ಸಲ ಕೊಟ್ಟರೆ ಹಿಂದಿನ ಸಾಲಿನಿಂದ ಎಷ್ಟು ಸಮಯ ಕಳೆಯಿತು ಅಂತ ತೋರಿಸುತ್ತದೆ, 4 ಸಲ ಕೊಟ್ಟರೆ ದಿನಾಂಕವೂ ಬರುತ್ತದೆ.

ಈಗ ಟಿಸಿಪಿಡಂಪ್ ತೋರಿಸುವ ಸಾಲುಗಳನ್ನು ಓದೋಣ. ಫ್ಲ್ಯಾಗ್ಸ್ ಅಂತ ಇರುವ ಕಡೆ ಚೌಕ ಆವರಣದೊಳಗಿನ ಅಕ್ಷರ ನೋಡಿ. ಎಸ್ ಅಂದರೆ ಸಂಪರ್ಕ ಕೇಳುವ ಮೊದಲ ಪ್ಯಾಕೆಟ್, ಸಿನ್. ಎಸ್ ಮತ್ತು ಚುಕ್ಕೆ ಅಂದರೆ ಒಪ್ಪಿಗೆ. ಆರ್ ಅಂದರೆ ಸಂಪರ್ಕ ಕಡಿಯುವ ರೀಸೆಟ್. ಸಿನ್ ಹೋದ ಕೂಡಲೇ ರೀಸೆಟ್ ಬಂದರೆ ಸಾಮಾನ್ಯವಾಗಿ ಆ ಪೋರ್ಟ್‌ನಲ್ಲಿ ಯಾವ ಪ್ರೋಗ್ರಾಂ ಕೂಡ ಸಂಪರ್ಕಕ್ಕಾಗಿ ಕಾಯುತ್ತಿಲ್ಲ. ಉತ್ತರವೇ ಇಲ್ಲದೆ ಅದೇ ಸಿನ್ ಮತ್ತೆ ಮತ್ತೆ ಕಂಡರೆ, ದಾರಿಯಲ್ಲಿ ಯಾರೋ ಅದನ್ನು ನುಂಗುತ್ತಿರಬಹುದು. ಮೊದಲು ಫೈರ್‌ವಾಲ್ ನೋಡಿ. ಹಳೆಯ ಲಿನಕ್ಸ್ ಕರ್ನಲ್‌ಗಳಲ್ಲಿ (6.5ಕ್ಕಿಂತ ಮೊದಲು) ಸಾಧಾರಣವಾಗಿ ಈ ಮರುಪ್ರಯತ್ನಗಳ ನಡುವಿನ ಅಂತರ 1, 2, 4 ಸೆಕೆಂಡ್ ಅಂತ ದುಪ್ಪಟ್ಟಾಗುತ್ತಾ ಹೋಗುತ್ತದೆ; ಹೊಸವುಗಳಲ್ಲಿ ಮೊದಲ ಕೆಲವು ಸಲ 1 ಸೆಕೆಂಡ್ ಅಂತರವೇ ಇದ್ದು, ಆಮೇಲೆ ದುಪ್ಪಟ್ಟಾಗುತ್ತದೆ. ಆ ಲಯ ಕಣ್ಣಿಗೆ ಒಮ್ಮೆ ಹಿಡಿದರೆ ಸಾಕು, ಆಮೇಲೆ ಸಾವಿರ ಸಾಲುಗಳ ನಡುವೆಯೂ ಸಿಗುತ್ತದೆ.

ಹೆಚ್ಚು ವಿವರ ತೋರಿಸುವ ವಿ ಆಯ್ಕೆ ಕೊಟ್ಟಾಗ ಚೆಕ್‌ಸಮ್ (ಪ್ಯಾಕೆಟ್ ಕೆಟ್ಟಿದೆಯೇ ಅಂತ ನೋಡುವ ಲೆಕ್ಕ) ತಪ್ಪು ಅಂತ ಸಾಲು ಸಾಲಾಗಿ ಬಂದರೆ ಗಾಬರಿ ಬೇಡ. ಕಳಿಸುವ ಯಂತ್ರದಲ್ಲೇ ಟ್ರೇಸ್ ಹಿಡಿದಿದ್ದರೆ, ಲೆಕ್ಕ ಹಾಕುವುದು ನೆಟ್‌ವರ್ಕ್ ಕಾರ್ಡ್‌ನ ಕೆಲಸ ಆಗಿರಬಹುದು. ಕಾರ್ಡ್ ಅದನ್ನು ತುಂಬುವ ಮೊದಲೇ ನಾವು ಪ್ಯಾಕೆಟ್ ನೋಡಿದ್ದೇವೆ, ಅಷ್ಟೇ.

ಒಳಗಿನ ಬೈಟ್‌ಗಳೇ ಬೇಕಾದರೆ ದೊಡ್ಡಕ್ಷರದ ಎಕ್ಸ್ ಆಯ್ಕೆ ಇದೆ. ಆದರೆ ಹಿಡಿಯುವಾಗಲೇ ಉದ್ದದ ಮಿತಿ ಕಡಿಮೆ ಇಟ್ಟಿದ್ದರೆ ಪ್ಯಾಕೆಟ್‌ನ ಬಾಲ ಫೈಲಿನಲ್ಲೇ ಇರುವುದಿಲ್ಲ. ಯಾವ ಫಾರ್ಮ್ಯಾಟ್ ಕಮಾಂಡ್‌ಗೂ ಅದನ್ನು ತಂದುಕೊಡಲು ಆಗುವುದಿಲ್ಲ, ಅಲ್ವಾ?

ಟ್ರೇಸನ್ನು ಬೇರೆಯವರಿಗೆ ಕೊಡುವಾಗ ಆರ್ ಮತ್ತು ಡಬ್ಲ್ಯೂ ಎರಡನ್ನೂ ಕೊಟ್ಟು, ಜೊತೆಗೆ ಹೋಸ್ಟ್ ಮತ್ತು ಪೋರ್ಟ್ ಫಿಲ್ಟರ್ ಹಾಕಿ. ಬೇಕಾದ ಮಾತುಕತೆ ಮಾತ್ರ ಇರುವ ಚಿಕ್ಕ ಬೈನರಿ ಫೈಲ್ ಸಿಗುತ್ತದೆ. ಎನ್‌ಕ್ರಿಪ್ಟ್ ಆಗದ ಸಂಪರ್ಕಗಳ ಪಾಸ್‌ವರ್ಡ್ ಕೂಡ ಟ್ರೇಸ್‌ನಲ್ಲಿ ಸಲೀಸಾಗಿ ಕಾಣುತ್ತದೆ, ಹಾಗಾಗಿ ಇಡೀ ಫೈಲನ್ನು ಸುಮ್ನೆ ಕಳಿಸಬೇಡಿ.