‘ಏನೂ ಆಗುವುದಿಲ್ಲ’ ಎನ್ನುವ ಬದಲು

ಪ್ರಶ್ನೆ: ಅಣ್ಣನ ಕ್ಯಾನ್ಸರ್ ಗುಣವಾಗುವ ಹಂತ ದಾಟಿದೆ. ನೋಡಲು ಹೋದಾಗಲೆಲ್ಲ ‘ಧೈರ್ಯವಾಗಿರು, ಏನೂ ಆಗುವುದಿಲ್ಲ’ ಎನ್ನುತ್ತೇನೆ. ಅವನು ಗೋಡೆಯತ್ತ ಹೊರಳುತ್ತಾನೆ. ಇನ್ನೇನು ಹೇಳಲಿ?

ಉತ್ತರ: ಆ ಮಾತು ಯಾರ ಸಮಾಧಾನಕ್ಕೆ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ನಾವು ಅದನ್ನು ಆಡುವುದು ಹೆಚ್ಚಾಗಿ ನಮ್ಮ ಗಾಬರಿ ಮುಚ್ಚಿಕೊಳ್ಳಲು. ಮಲಗಿದವನಿಗೆ ಅದು ‘ಆ ವಿಷಯ ಎತ್ತಬೇಡ’ ಎಂದೇ ಕೇಳಿಸುತ್ತದೆ. ಮೈ ಸೋಲುತ್ತಿರುವುದು ಅವನಿಗೆ ಗೊತ್ತು. ಮನೆಯವರು ಅವನೆದುರು, ಅವನು ಮನೆಯವರೆದುರು ನಟಿಸುತ್ತಾ ಒಂದೇ ಕೋಣೆಯಲ್ಲಿ ಎಲ್ಲರೂ ಒಂಟಿಯಾಗುತ್ತಾರೆ.

ಹೇಳುವುದು ಬಿಟ್ಟು ಕೇಳಿ. ಬಾಗಿಲ ಬಳಿ ನಿಂತು ಅಲ್ಲ. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಮೊಬೈಲ್ ಕಿಸೆಯೊಳಗಿಟ್ಟು. ‘ಈಗ ನಿನಗೆ ಯಾವುದರ ಚಿಂತೆ ಹೆಚ್ಚು?’ ಎಂದು ಕೇಳಿ ಸುಮ್ಮನಿರಿ. ಕಷ್ಟವಿರುವುದು ಆ ಸುಮ್ಮನಿರುವುದರಲ್ಲೇ. ಉತ್ತರ ಸಾವಿನ ಬಗ್ಗೆಯೇ ಇರಬೇಕೆಂದಿಲ್ಲ. ತೀರದ ಸಾಲ ಇರಬಹುದು, ಮಗಳ ಓದು ಇರಬಹುದು, ನಡುರಾತ್ರಿ ಉಸಿರುಗಟ್ಟಿದರೆ ಯಾರಿಗೆ ಎಚ್ಚರವಾಗುತ್ತದೆ ಎಂಬ ಭಯವಿರಬಹುದು. ‘ನಾನು ಉಳಿಯುವುದಿಲ್ಲವೇ?’ ಎಂದು ಕೇಳಿದರೆ ಸುಳ್ಳೂ ಬೇಡ, ತೀರ್ಪೂ ಬೇಡ. ‘ಹಾಗೇಕೆ ಅನ್ನಿಸಿತು?’ ಎನ್ನಿ. ವೈದ್ಯರ ಬಾಯಿಂದಲೇ ತಿಳಿಯಬೇಕೆಂದರೆ ಜೊತೆಗೆ ಹೋಗಿ ಕುಳಿತುಕೊಳ್ಳಿ.

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಗುಣವಾಗದ ಕಾಯಿಲೆಯವರ ಆರೈಕೆಯ ಕೇಂದ್ರ) ತೆರೆದ ವೈದ್ಯೆ ಸಿಸಿಲಿ ಸಾಂಡರ್ಸ್ ಇಂಥ ಸಂಕಟವನ್ನು ‘ಸಮಗ್ರ ನೋವು’ ಎಂದು ನೋಡಿದರು. ಮೈನೋವು, ಮನಸ್ಸಿನ ಭಯ, ಸಂಸಾರದ ಚಿಂತೆ, ಬದುಕಿಗೇನು ಅರ್ಥ ಎಂಬ ಕೊರಗು ಒಂದನ್ನೊಂದು ಕೆರಳಿಸುತ್ತವೆ. ನೋವಿನ ಮಾತ್ರೆ ಸಾಲದೆ ರಾತ್ರಿಯೆಲ್ಲ ನರಳಿದವನಿಗೆ ಬೆಳಿಗ್ಗೆ ಧೈರ್ಯ ಹೇಳಿದರೆ ತಲೆಗೆ ಹೋಗುವುದಿಲ್ಲ. ಆದ್ದರಿಂದ ನೋವು, ಸಂಕಟ ತಗ್ಗಿಸುವ ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್) ತಂಡವನ್ನು ಬೇಗನೆ ಕಾಣಿ. ಅದು ಕೊನೆಯ ವಾರದ ವ್ಯವಸ್ಥೆ ಎಂಬುದು ತಪ್ಪು ತಿಳಿವಳಿಕೆ; ಚಿಕಿತ್ಸೆ ನಡೆಯುತ್ತಿರುವಾಗಲೇ ಅದನ್ನು ಪಡೆಯಬಹುದು.

ದುಃಖ ಸಹಜ. ಆದರೆ ಮಗಳು ಬಂದು ಕುಳಿತರೂ ಮುಖ ಅರಳದೆ, ‘ನಾನು ಎಲ್ಲರಿಗೂ ಹೊರೆ’ ಎಂಬುದೊಂದೇ ಮಾತು ವಾರಗಟ್ಟಲೆ ಮುಂದುವರಿದರೆ ಅದು ಖಿನ್ನತೆ ಇರಬಹುದು. ಹಸಿವಿಲ್ಲದಿರುವುದು, ಸುಸ್ತು ಕ್ಯಾನ್ಸರಿನಿಂದಲೂ ಬರುತ್ತವೆ, ಅವನ್ನಷ್ಟೇ ನೋಡಿ ಅಳೆಯಲಾಗದು. ಈ ಸ್ಥಿತಿಯಲ್ಲೂ ಖಿನ್ನತೆಗೆ ಚಿಕಿತ್ಸೆಯಿದೆ. ತಾನೇ ಜೀವ ಕಳೆದುಕೊಳ್ಳುವ ಮಾತಾಡಿದರೆ, ಅಥವಾ ಇದ್ದಕ್ಕಿದ್ದಂತೆ ಹೊತ್ತುಗೊತ್ತು ತಿಳಿಯದೆ ಬಡಬಡಿಸಿದರೆ ತಡಮಾಡದೆ ವೈದ್ಯರಿಗೆ ತಿಳಿಸಿ.

ಮುಂದಿನ ಸಲವೂ ಅಣ್ಣ ಬಾಯಿ ಬಿಡದಿರಬಹುದು. ಕಾಲೊತ್ತಿ, ಪತ್ರಿಕೆ ಓದಿ ಹೇಳಿ. ಹೊರಡುವಾಗ ಮತ್ತೆ ಬರುವ ದಿನ ಹೇಳಿ, ಆ ದಿನ ತಪ್ಪದೆ ಹೋಗಿ.