ಗೊಬ್ಬರ ಹಾಕಿದರೂ ಗುಲಾಬಿ ಸೊರಗುವುದೇಕೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ. ಮಳೆಗಾಲ ಬಂತೆಂದರೆ ಗುಲಾಬಿ ಎಲೆ ಹಳದಿಯಾಗಿ ಉದುರುತ್ತೆ, ಚಿಗುರೂ ಸಣಕಲು. ತಿಂಗಳಿಗೊಮ್ಮೆ ಗೊಬ್ಬರ ಹಾಕ್ತಾ ಇದ್ದೀನಿ. ಇನ್ನೇನು ಕೊಡಬೇಕು?

ಸದ್ಯಕ್ಕೆ ಏನೂ ಕೊಡಬೇಡಿ. ಮಳೆ ಬಿಡುವು ಕೊಟ್ಟ ದಿನ ಗಿಡದಿಂದ ಸ್ವಲ್ಪ ದೂರದಲ್ಲಿ ಒಂದಡಿ ಆಳದ ಗುಂಡಿ ತೋಡಿ, ಸಂಜೆ ಒಂದು ಕೊಡ ನೀರು ಸುರಿಯಿರಿ. ಬೆಳಗ್ಗೆಯೂ ನೀರು ನಿಂತಿದ್ದರೆ ಬೇರಿಗೆ ಗಾಳಿ ಸಿಗುತ್ತಿಲ್ಲ ಎಂದರ್ಥ. ಕೊಳೆಯುತ್ತಿರುವ ಬೇರು ಗೊಬ್ಬರ ಹೀರುವುದಿಲ್ಲ. ಮೇಲಿಂದ ಮೇಲೆ ಸುರಿದರೆ ಗೊಬ್ಬರದ ಉಪ್ಪು ಉಳಿದ ಬೇರನ್ನೂ ಸುಡುತ್ತದೆ.

ನಾನೂ ಈ ತಪ್ಪು ಮಾಡಿದ್ದೆ. ಸೂರಿನ ನೀರು ಬೀಳುವ ಜಾಗದಲ್ಲೇ ಗಿಡ ನೆಟ್ಟು, ಸೊರಗಿದಾಗಲೆಲ್ಲ ಗೊಬ್ಬರ ಹಾಕಿದೆ. ಕೊನೆಗೆ ಕಿತ್ತು ನೋಡಿದರೆ ಬೇರು ಕಪ್ಪಾಗಿ ನಾರುತ್ತಿತ್ತು. ಎಳೆದರೆ ಸಿಪ್ಪೆ ಮಾತ್ರ ಬೆರಳಿಗೆ ಬಂತು, ಒಳಗೆ ದಾರದಂಥ ನಾರು. ಈಗ ಅರ್ಧ ಅಡಿ ಮಣ್ಣು ಏರಿಸಿದ ದಿಬ್ಬದ ಮೇಲೇ ನೆಡುತ್ತೇನೆ.

ನೀರು ಬೇಗ ಇಂಗಿತೇ? ಹಾಗಾದರೆ ಉದುರಿದ ಎಲೆಯನ್ನು ಕೈಗೆತ್ತಿಕೊಳ್ಳಿ. ಅಂಚು ಹರಿದಂತಿರುವ ಕಪ್ಪು ಮಚ್ಚೆ, ಸುತ್ತ ಹಳದಿ ಇದ್ದರೆ ಕಪ್ಪುಚುಕ್ಕೆ ರೋಗ. ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಸಾಕು, ಈ ಶಿಲೀಂಧ್ರ ಒಳಹೊಗುತ್ತದೆ. ನಮ್ಮ ಜುಲೈನಲ್ಲಿ ಎಲೆ ಒಣಗುವುದಾದರೂ ಯಾವಾಗ, ಅಲ್ವಾ? ಬಿದ್ದ ಎಲೆ ಗುಡಿಸಿ ಸುಡಿ, ಗೊಬ್ಬರಗುಂಡಿಗೆ ಹಾಕಬೇಡಿ. ಗಿಡದ ನಡುವೆ ಗಾಳಿಯಾಡುವಂತೆ ಒತ್ತಾದ ಕಡ್ಡಿ ಕತ್ತರಿಸಿ. ಕಾಫಿಗೆ ಹೊಡೆಯುವ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಇದಕ್ಕೂ ಆಗುತ್ತದೆ. ಆದರೆ ಜಿನುಗು ಮಳೆಯ ಥಂಡಿ ದಿನ ಬೇಡ, ಎಲೆ ಸುಟ್ಟಂತಾಗುತ್ತದೆ.

ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಕಬ್ಬಿಣ ಸಿಗುತ್ತಿಲ್ಲ. ತೋಟಕ್ಕೆ ತಂದ ಸುಣ್ಣ ಮಿಕ್ಕಿತೆಂದು ಗುಲಾಬಿ ಬುಡಕ್ಕೂ ಜಾಸ್ತಿ ಎರಚಿದ್ದೀರಾ ನೆನಪಿಸಿಕೊಳ್ಳಿ. ಮಳೆ ಕಮ್ಮಿಯಿರುವ ಕಡೂರು ಕಡೆಯ ಓದುಗರು ಬೇಸಿಗೆಯಲ್ಲಿ ಎಲೆಯ ಅಡಿಭಾಗ ನೋಡಿ. ಸಣ್ಣ ಬಲೆ ಕಂಡರೆ ಅದು ನುಸಿ.

ಬಿಸಿಲನ್ನೂ ಲೆಕ್ಕ ಹಾಕಿ. ನೆಟ್ಟಾಗ ಪುಟ್ಟದಿದ್ದ ಸಿಲ್ವರ್ ಓಕ್ ಈಗ ಎಷ್ಟೆತ್ತರ ಇದೆ? ಗುಲಾಬಿಗೆ ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೇಕು. ಕಸಿ ಗಂಟಿನ ಕೆಳಗೆ ಬಂದ ಚಿಗುರು ಕಾಡು ಗುಲಾಬಿಯದು, ಬುಡದಿಂದಲೇ ಕಿತ್ತು ಹಾಕಿ.

ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಗೆ ಗಿಡ ಸವರಿ. ಹೊಸ ಚಿಗುರು ಕಾಣಿಸಿದಾಗ, ಬುಡಕ್ಕೆ ತಾಗದಂತೆ ಒಂದು ಗೇಣು ದೂರದಲ್ಲಿ ಹಳೆಯ ಕೊಟ್ಟಿಗೆ ಗೊಬ್ಬರ ಹಾಕಿ.